ವಿಮೆ ಏಜೆಂಟ್ ಕಣ್ಣಲ್ಲಿ ಬಿಲ್ಲಿ ವೈಲ್ಡರ್ ಸಿನಿಮಾಗಳು

ಹಳೆಯ ಹಾಲಿವುಡ್ ಡೈರೆಕ್ಟರ್ ಬಿಲ್ಲಿ ವೈಲ್ಡರ್ ಸಿನಿಮಾಗಳನ್ನು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ ಹೆಚ್ಚಿನವರು ಮರ್ಲಿನ್ ಮನ್ರೋ ಇರುವ ‘ಸಮ್ ಲೈಕ್ ಇಟ್ ಹಾಟ್’ ಕಡೆ ಕೈ ತೋರಿಸುತ್ತಾರೆ. ನಾನು ‘ಡಬಲ್ ಇಂಡೆಮ್ನಿಟಿ’ ಅನ್ನುತ್ತೇನೆ. ಅದರ ಹೀರೋ ವಿಮೆ ಏಜೆಂಟ್. ನಾನೂ ವಿಮೆ ಏಜೆಂಟ್. ಮಂಡ್ಯದ ವಿದ್ಯಾನಗರದಲ್ಲಿ ಮನೆ, ಕೆರಗೋಡು ಬಸರಾಳು ಕಡೆ ಸುತ್ತಾಟ, ರೈತರಿಗೆ ಕಬ್ಬಿನ ಬಿಲ್ಲು ಬಂದಾಗ ಪ್ರೀಮಿಯಂ ವಸೂಲಿ. ಹಾಗಾಗಿ ಈ ವಿಮರ್ಶೆಯಲ್ಲಿ ಪಕ್ಷಪಾತ ಇದ್ದೇ ಇದೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಅಮೆರಿಕದಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ ವೈಲ್ಡರ್ ಸಿನಿಮಾಗಳ ಬ್ಲೂ-ರೇ ಡಿಸ್ಕ್‌ಗಳನ್ನು ತಂದುಕೊಟ್ಟ. “ಅಕ್ಕಾ, ಇವೆಲ್ಲ ನಿಮ್ಮ ಆಫೀಸಿನ ಕಥೆಗಳೇ, ನೋಡು” ಅಂದ. ಅವನು ತಮಾಷೆಗೆ ಹೇಳಿದ್ದು. ನೋಡುತ್ತಾ ಹೋದ ಹಾಗೆ ನಿಜ ಅನ್ನಿಸಿತು. ಸಂಬಳಕ್ಕೆ ದುಡಿಯುವವರ ಲೋಕ ಈ ಡೈರೆಕ್ಟರಿಗೆ ಚೆನ್ನಾಗಿ ಗೊತ್ತು. ಮನೆ ಬಾಡಿಗೆ ಎಷ್ಟು, ಕಂತು ಎಷ್ಟು ಬಾಕಿ, ಯಾವ ಸಾಹೇಬರ ಕೃಪೆ ಇದ್ದರೆ ಪ್ರಮೋಷನ್ ಸಿಗುತ್ತದೆ, ಎಲ್ಲ ಗೊತ್ತು. ತಕ್ಕಮಟ್ಟಿಗೆ ಒಳ್ಳೆಯವನೇ ಆದ ಮನುಷ್ಯ ಇವತ್ತೊಂದು ಸೈನು, ನಾಳೆ ಒಂದು ಸುಳ್ಳು ಅಂತ ಹೇಗೆ ಜಾರುತ್ತಾನೆ ಅನ್ನುವುದನ್ನು ಈತನಷ್ಟು ಚೆನ್ನಾಗಿ ತೋರಿಸಿದವರನ್ನು ನಾನು ನೋಡಿಲ್ಲ. ಕಥೆಯಲ್ಲಿ ದುಡ್ಡಿನ ಲೆಕ್ಕ ಇದ್ದರೆ ವೈಲ್ಡರ್ ರಾಜ. ಲೆಕ್ಕ ಬಿಟ್ಟು ಬರೀ ಪ್ರೇಮದ ಹಿಂದೆ ಹೋದಾಗ ಸುಮಾರು.

ಈತ ಹುಟ್ಟಿದ್ದು 1906ರಲ್ಲಿ, ಈಗ ಪೋಲೆಂಡಿನಲ್ಲಿರುವ ಸುಖಾ ಅನ್ನುವ ಸಣ್ಣ ಊರಿನಲ್ಲಿ. ಯೆಹೂದಿ ಮನೆತನ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಪತ್ರಕರ್ತನಾಗಿದ್ದು, ಆಮೇಲೆ ಸಿನಿಮಾಕ್ಕೆ ಬರೆಯುತ್ತಿದ್ದ. 1933ರಲ್ಲಿ ಹಿಟ್ಲರ್ ಬಂದ ಕೂಡಲೇ ಬರ್ಲಿನ್ ಬಿಟ್ಟು ಪ್ಯಾರಿಸ್‌ಗೆ, ಅಲ್ಲಿಂದ ಹಾಲಿವುಡ್‌ಗೆ. ತಾಯಿ ಯುರೋಪಿನಲ್ಲೇ ಉಳಿದರು, ನಾಜಿಗಳ ಕೈಯಲ್ಲಿ ಸತ್ತರು. ಹಾಲಿವುಡ್‌ಗೆ ಬಂದಾಗ ಈತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಥವನು ಹತ್ತು ವರ್ಷದಲ್ಲಿ ಅಮೆರಿಕದವರೇ ಬೆರಗಾಗುವ ಹಾಗೆ ಡೈಲಾಗ್ ಬರೆಯುತ್ತಿದ್ದ. ಒಬ್ಬನೇ ಕೂತು ಬರೆದದ್ದು ಕಡಿಮೆ, ಯಾವಾಗಲೂ ಜೊತೆಗೊಬ್ಬರು ಬೇಕು. ಮೊದಲು ಚಾರ್ಲ್ಸ್ ಬ್ರಾಕೆಟ್, ಆಮೇಲೆ ಐ.ಎ.ಎಲ್. ಡೈಮಂಡ್.

ಮಧ್ಯದಲ್ಲಿ ಒಂದೇ ಒಂದು ಸಿನಿಮಾಕ್ಕೆ ಪತ್ತೇದಾರಿ ಕಾದಂಬರಿಗಾರ ರೇಮಂಡ್ ಚಾಂಡ್ಲರ್ ಜೊತೆಯಾದರು. ಇಬ್ಬರಿಗೂ ಒಂದು ನಿಮಿಷ ಹೊಂದಲಿಲ್ಲ. ಆದರೂ ಹುಟ್ಟಿದ್ದು ‘ಡಬಲ್ ಇಂಡೆಮ್ನಿಟಿ’, 1944. (ಮೊದಲ ಭಾಗದಲ್ಲಿ ವಿಮೆ ಆಫೀಸಿನ ಹೊರಗೆ ಕುರ್ಚಿ ಮೇಲೆ ಕೂತು ಓದುತ್ತಿರುವವರು ಚಾಂಡ್ಲರ್ ಅವರೇ. ಒಂದು ಕ್ಷಣ ಬಂದು ಹೋಗುತ್ತಾರೆ, ಕಣ್ಣಿಟ್ಟು ನೋಡಿ.)

ಕಥೆ ಇಷ್ಟು. ಏಜೆಂಟ್ ವಾಲ್ಟರ್ ನೆಫ್ ಕಾರಿನ ವಿಮೆ ನವೀಕರಣಕ್ಕೆ ಒಂದು ಮನೆಗೆ ಹೋಗುತ್ತಾನೆ. ಯಜಮಾನ ಇರುವುದಿಲ್ಲ, ಹೆಂಡತಿ ಇರುತ್ತಾಳೆ. ಗಂಡನಿಗೆ ಗೊತ್ತಾಗದ ಹಾಗೆ ಅವನ ಹೆಸರಲ್ಲಿ ಅಪಘಾತ ಪಾಲಿಸಿ ಮಾಡಿಸಬಹುದೇ ಅಂತ ಆಕೆ ಮೆಲ್ಲಗೆ ಕೇಳುತ್ತಾಳೆ. ಇಂಥ ಪ್ರಶ್ನೆ ಕೇಳಿದರೆ ಏಜೆಂಟ್ ಆದವನು ಬ್ಯಾಗ್ ಎತ್ತಿಕೊಂಡು ಹೊರಡಬೇಕು. ಇವನು ಹೊರಡುತ್ತಾನೆ, ಆದರೆ ತಲೆ ಅಲ್ಲೇ ಉಳಿಯುತ್ತದೆ. ರೈಲಿನಿಂದ ಬಿದ್ದು ಸತ್ತರೆ ಎರಡರಷ್ಟು ದುಡ್ಡು ಅನ್ನುವ ಷರತ್ತು ಪಾಲಿಸಿಯಲ್ಲಿದೆ. ಐವತ್ತು ಸಾವಿರ ಡಾಲರಿನ ಜಾಗದಲ್ಲಿ ಒಂದು ಲಕ್ಷ. ನಮ್ಮಲ್ಲೂ ಆಕ್ಸಿಡೆಂಟ್ ಬೆನಿಫಿಟ್ ಸೇರಿಸಿದರೆ ಹಾಗೇ ಅಲ್ವಾ? ನಾವು ಅದನ್ನು ಮಾರುವಾಗ “ದೇವರು ಹಾಗೆ ಮಾಡದಿರಲಿ, ಆದರೂ…” ಅಂತ ಶುರು ಮಾಡುತ್ತೇವೆ.

ಗಂಡನ ಸಹಿ ತೆಗೆದುಕೊಳ್ಳುವ ದೃಶ್ಯ ನೋಡಿ ನನಗೆ ಮೈ ಜುಮ್ ಅಂದಿತು. ಕಾರಿನ ವಿಮೆಯ ಎರಡನೇ ಪ್ರತಿ ಅಂತ ಹೇಳಿ ಅಪಘಾತ ಪಾಲಿಸಿಯ ಅರ್ಜಿಗೆ ಸೈನ್ ಹಾಕಿಸುತ್ತಾರೆ. ಅವನು ಓದುವುದೇ ಇಲ್ಲ. ನಮ್ಮ ಕಡೆ ಪ್ರಪೋಸಲ್ ಫಾರ್ಮ್ ಮುಂದಿಟ್ಟರೆ ಹತ್ತರಲ್ಲಿ ಒಂಬತ್ತು ಜನ ಹೇಳುವುದು “ಎಲ್ಲಿ ಸೈನ್ ಹಾಕ್ಬೇಕು ತೋರ್ಸಕ್ಕಾ” ಅಂತ. ಇಡೀ ಸಿನಿಮಾ ಆ ಒಂದು ಮಾತಿನೊಳಗಿದೆ.

ಈ ಡಿಸ್ಕ್ ಹಿಡಿದುಕೊಂಡು ಮೈಸೂರಿಗೆ, ಕುವೆಂಪುನಗರಕ್ಕೆ ಹೋದೆ. ಅಲ್ಲಿ ನಮ್ಮ ಹಳೆಯ ಕ್ಲೇಮ್ ಸೆಕ್ಷನ್ ಸಾರ್ ಇದ್ದಾರೆ, ರಿಟೈರ್ ಆಗಿ ಬಹಳ ವರ್ಷವಾಯಿತು. ಅವರು ಇಂಗ್ಲಿಷ್ ಸಿನಿಮಾ ನೋಡುವವರಲ್ಲ. ಮೊದಲರ್ಧ ತಲೆ ಅಲ್ಲಾಡಿಸುತ್ತಾ ಸುಮ್ನೆ ಕೂತಿದ್ದರು. ಕಥೆಯ ನಡುವೆ ಆ ಗಂಡ ಕಾಲು ಮುರಿದುಕೊಂಡು ಊರುಗೋಲು ಹಿಡಿದು ಬರುತ್ತಾನೆ. ಸಾರ್ ಥಟ್ಟನೆ ಎದ್ದು ಕೂತರು. “ಏನಮ್ಮಾ, ಅಪಘಾತ ಪಾಲಿಸಿ ಇದೆ, ಕಾಲು ಮುರಿದಿದೆ. ಕ್ಲೇಮ್ ಯಾಕೆ ಹಾಕಿಲ್ಲ?” ಅಂದರು. ನಾನು ಏನೂ ಹೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸಿನಿಮಾದ ಕ್ಲೇಮ್ಸ್ ಮ್ಯಾನೇಜರ್ ಕೀಸ್ ಅದೇ ಪ್ರಶ್ನೆ ಕೇಳುತ್ತಾನೆ. ಪಾಲಿಸಿ ಇದ್ದದ್ದು ಆ ಗಂಡನಿಗೇ ಗೊತ್ತಿರಲಿಲ್ಲ, ಅದಕ್ಕೇ ಕ್ಲೇಮ್ ಇಲ್ಲ. ಸಾರ್ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಖುಷಿ.

ಕೀಸ್ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್‌ಸನ್ ಇಡೀ ಸಿನಿಮಾವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಕಳ್ಳ ಕ್ಲೇಮ್ ಬಂದರೆ ಇವರ ಹೊಟ್ಟೆಯೊಳಗೊಬ್ಬ ಕುಳ್ಳ ಕೂತು ಕಾಟ ಕೊಡುತ್ತಾನಂತೆ, ಊಟ ಸೇರುವುದಿಲ್ಲವಂತೆ. ಒಂದು ಕಡೆ ಕಂಪನಿ ಮುಖ್ಯಸ್ಥರು ಆ ಗಂಡ ರೈಲಿನಿಂದ ಬಿದ್ದು ಸತ್ತದ್ದು ಆತ್ಮಹತ್ಯೆ, ದುಡ್ಡು ಕೊಡುವುದು ಬೇಡ ಅನ್ನುತ್ತಾರೆ. ಕೀಸ್ ಒಂದೇ ಉಸಿರಿನಲ್ಲಿ ಆತ್ಮಹತ್ಯೆಯ ಅಂಕಿಅಂಶ ಒಪ್ಪಿಸುತ್ತಾರೆ: ಮೈಬಣ್ಣದ ಪ್ರಕಾರ, ಕಸುಬಿನ ಪ್ರಕಾರ, ಋತುವಿನ ಪ್ರಕಾರ, ವಿಷದ ಬಗೆಯ ಪ್ರಕಾರ. ಗಂಟೆಗೆ ಹದಿನೈದು ಮೈಲಿ ವೇಗದ ರೈಲಿನ ಹಿಂದಿನಿಂದ ಹಾರಿ ಸಾಯಲು ಹೊರಟವರು ಯಾರೂ ಇಲ್ಲ ಅಂತ ಮುಗಿಸುತ್ತಾರೆ. ಅಂದರೆ ನಮ್ಮ ಲೆಕ್ಕದಲ್ಲಿ 24 ಕಿಲೋಮೀಟರ್. ಮೈಸೂರು ಪ್ಯಾಸೆಂಜರ್ ಸ್ಟೇಷನ್ ಹತ್ತಿರ ಬಂದಾಗ ಇರುವ ವೇಗ, ಅವಸರದ ಹುಡುಗರು ಇಳಿದೇ ಬಿಡುತ್ತಾರೆ.

ಒಂದು ತಕರಾರು ಇದೆ. ಪಾಲಿಸಿ ಮಾಡಿಸಿ ಸ್ವಲ್ಪವೇ ದಿನಕ್ಕೆ ಸಾವು, ಮಾಡಿಸಿದ ಏಜೆಂಟ್ ನೆಫ್. ನಮ್ಮಲ್ಲಿ ಅದಕ್ಕೆ ಅರ್ಲಿ ಕ್ಲೇಮ್ ಅನ್ನುತ್ತಾರೆ. ಮೊದಲು ಕೂರಿಸಿ ಪ್ರಶ್ನೆ ಕೇಳುವುದೇ ಏಜೆಂಟನ್ನು. ಕೀಸ್‌ನಂಥ ಚಾಲಾಕಿಗೆ ಅಷ್ಟು ಹೊತ್ತು ಇವನ ಮೇಲೆ ಅನುಮಾನ ಬರಲಿಲ್ಲವೇ? ಸಾರ್ ಇದಕ್ಕೆ “ತಾನೇ ಬೆಳೆಸಿದ ಹುಡುಗನ ಮೇಲೆ ಬರಲ್ಲಮ್ಮಾ” ಅಂದರು. ಅದು ಸರಿ ಇರಬಹುದು. ಸಿನಿಮಾದ ನಿಜವಾದ ಪ್ರೀತಿ ಇರುವುದು ಏಜೆಂಟ್ ಮತ್ತು ಆ ಹೆಂಗಸಿನ ನಡುವೆ ಅಲ್ಲ, ಏಜೆಂಟ್ ಮತ್ತು ಕೀಸ್ ನಡುವೆ. ಕೀಸ್ ಜೇಬಿನಲ್ಲಿ ಬೆಂಕಿಕಡ್ಡಿ ಇರುವುದೇ ಇಲ್ಲ, ಪ್ರತಿ ಸಲ ನೆಫ್ ಕಡ್ಡಿ ಗೀರಿ ಕೊಡುತ್ತಾನೆ. ಕೊನೆಯಲ್ಲಿ ಆ ಕಡ್ಡಿ ಯಾರ ಕೈಯಲ್ಲಿ ಅಂತ ನೋಡಿ. ವೈಲ್ಡರ್ ಇದಾದ ಮೇಲೆ ಗ್ಯಾಸ್ ಚೇಂಬರಿನಲ್ಲಿ ಮರಣದಂಡನೆಯ ದೃಶ್ಯವನ್ನೂ ಚಿತ್ರೀಕರಿಸಿದ್ದರಂತೆ, ಖರ್ಚೂ ಮಾಡಿದ್ದರು, ಆಮೇಲೆ ಕತ್ತರಿಸಿ ಎಸೆದರು. ಒಳ್ಳೆಯದಾಯಿತು. ಏಳು ಆಸ್ಕರ್‌ಗೆ ಹೆಸರು ಹೋಗಿ ಒಂದೂ ಬರಲಿಲ್ಲ.

ಈಗ ‘ದಿ ಅಪಾರ್ಟ್‌ಮೆಂಟ್’, 1960. ನನ್ನ ಮಟ್ಟಿಗೆ ಇದೇ ನಂಬರ್ ಒನ್. ಇದೂ ವಿಮೆ ಕಂಪನಿಯೇ. ನ್ಯೂಯಾರ್ಕಿನ ಹೆಡ್ ಆಫೀಸ್, 31,259 ನೌಕರರು. ಹದಿನಾರು ಲಿಫ್ಟ್‌ಗಳು ಸಾಲದೆಂದು ಒಂದೊಂದು ಮಹಡಿಗೆ ಒಂದೊಂದು ಟೈಮಿಂಗ್. ಹತ್ತೊಂಬತ್ತನೇ ಮಹಡಿ, ಪ್ರೀಮಿಯಂ ಲೆಕ್ಕದ ವಿಭಾಗ, 861ನೇ ಮೇಜು: ಅಲ್ಲಿ ಬ್ಯಾಕ್ಸ್‌ಟರ್ ಅನ್ನುವ ಗುಮಾಸ್ತ, ಜ್ಯಾಕ್ ಲೆಮನ್. ಕೈಗೆ ಬರುವ ಸಂಬಳ ವಾರಕ್ಕೆ 94 ಡಾಲರ್ 70 ಸೆಂಟ್. ಬಾಡಿಗೆ ತಿಂಗಳಿಗೆ 85. ಮೊದಲು 80 ಇತ್ತು, ಓನರಮ್ಮ ಸೆಕೆಂಡ್ ಹ್ಯಾಂಡ್ ಎಸಿ ಹಾಕಿಸಿ ಐದು ಡಾಲರ್ ಏರಿಸಿದ್ದಾರೆ. ಸಿನಿಮಾ ಶುರುವಾಗಿ ಐದು ನಿಮಿಷದೊಳಗೆ ಇಷ್ಟೂ ಲೆಕ್ಕ ನಮ್ಮ ಮುಂದಿದೆ. ಇದಕ್ಕೇ ನಾನು ಈ ಡೈರೆಕ್ಟರಿಗೆ ಮನಸೋತದ್ದು.

ಬ್ಯಾಕ್ಸ್‌ಟರ್ ಒಂಟಿ. ಮದುವೆಯಾದ ನಾಲ್ಕು ಜನ ಮ್ಯಾನೇಜರುಗಳು ತಮ್ಮ ಗೆಳತಿಯರನ್ನು ಕರೆತರಲು ಇವನ ಮನೆ ಕೀ ಕೇಳುತ್ತಾರೆ. ಇವನು ಕೊಡುತ್ತಾನೆ. ಬದಲಿಗೆ ಅವರು ಇವನ ಬಗ್ಗೆ ಒಳ್ಳೆಯ ರಿಪೋರ್ಟ್ ಬರೆಯುತ್ತಾರೆ. ಇವನಿಗೆ ಹೊರಗಿನ ಚಳಿಯಲ್ಲಿ ಪಾರ್ಕ್ ಬೆಂಚು, ನೆಗಡಿ. ಒಂದು ದಿನ ನೆಗಡಿಯಾದವನು ಮನೆಗೆ ಹೋಗಿ ಮಲಗಬೇಕು ಅಂತ ಫೋನ್ ಮೇಲೆ ಫೋನ್ ಮಾಡಿ ನಾಲ್ಕೂ ಜನರ ‘ಬುಕಿಂಗ್’ ಹಿಂದೆಮುಂದೆ ಮಾಡಿಸುತ್ತಾನೆ. ನಗು ಬರುತ್ತದೆ. ಆದರೆ ಒಂದು ಸಣ್ಣ ಸಹಾಯ ಅಂತ ಶುರುವಾದದ್ದು ಹೇಗೆ ಕಡತದಲ್ಲಿ ಸೇರಿ ಪದ್ಧತಿಯಾಗಿಬಿಡುತ್ತದೆ ಅನ್ನುವುದು ಯಾವ ಆಫೀಸಿನಲ್ಲಿ ಕೂತವರಿಗೂ ಅರ್ಥವಾಗುತ್ತದೆ.

ಲಿಫ್ಟ್ ಓಡಿಸುವ ಫ್ರ್ಯಾನ್ ಪಾತ್ರದಲ್ಲಿ ಶರ್ಲಿ ಮೆಕ್ಲೇನ್. ಹೆಂಗಸರು ಈ ಪಾತ್ರಕ್ಕಾಗಿಯೇ ಈ ಸಿನಿಮಾ ನೋಡಬೇಕು. ಆಕೆಯನ್ನು ವೈಲ್ಡರ್ ಪೆದ್ದಿಯನ್ನಾಗಿಯೂ ಮಾಡಿಲ್ಲ, ಪತಿವ್ರತೆಯನ್ನಾಗಿಯೂ ಮಾಡಿಲ್ಲ. ತನ್ನ ಜೊತೆ ಸಂಬಂಧ ಇಟ್ಟುಕೊಂಡಿರುವ ದೊಡ್ಡ ಸಾಹೇಬ ಹೆಂಡತಿಯನ್ನು ಬಿಡುವುದಿಲ್ಲ ಅಂತ ಆಕೆಗೆ ಗೊತ್ತು, ಗೊತ್ತಿದ್ದೂ ಬಿಡಲಾಗುತ್ತಿಲ್ಲ. ಕ್ರಿಸ್‌ಮಸ್ ಪಾರ್ಟಿಯ ದಿನ ಬ್ಯಾಕ್ಸ್‌ಟರ್ ಹೊಸ ಟೋಪಿ ಹಾಕಿಕೊಂಡು ಹೇಗಿದೆ ನೋಡೋಣ ಅಂತ ಅವಳ ಕೈಕನ್ನಡಿ ಇಸಿದುಕೊಳ್ಳುತ್ತಾನೆ. ಕನ್ನಡಿ ಸೀಳಿದೆ. ಆ ಸೀಳು ಕನ್ನಡಿಯನ್ನು ಅವನು ಮೊದಲೇ ನೋಡಿದ್ದಾನೆ, ತನ್ನದೇ ಮನೆಯಲ್ಲಿ, ಯಾರೋ ಬಿಟ್ಟು ಹೋದದ್ದು. ಒಂದು ಮಾತಿಲ್ಲದೆ ಅವನಿಗೆ ಎಲ್ಲ ತಿಳಿಯುತ್ತದೆ. ಬರೀ ಒಂದು ಕನ್ನಡಿಯಿಂದ ಇಷ್ಟು ಕೆಲಸ ತೆಗೆದದ್ದಕ್ಕೆ ಆಸ್ಕರ್ ಕೊಡಲೇಬೇಕಿತ್ತು. ಕೊಟ್ಟರು ಕೂಡ, ಚಿತ್ರ, ನಿರ್ದೇಶನ, ಕಥೆ ಸೇರಿ ಐದು.

ಆ ದೊಡ್ಡ ಸಾಹೇಬ ಯಾರು ಗೊತ್ತೇ? ಫ್ರೆಡ್ ಮ್ಯಾಕ್‌ಮರ್ರೆ. 1944ರಲ್ಲಿ ಏಜೆಂಟ್ ನೆಫ್ ಆಗಿದ್ದವರೇ. ಹದಿನಾರು ವರ್ಷದಲ್ಲಿ ಏಜೆಂಟ್‌ಗೆ ಪರ್ಸನೆಲ್ (ಸಿಬ್ಬಂದಿ ವಿಭಾಗದ) ಡೈರೆಕ್ಟರ್ ಹುದ್ದೆ, ನಮ್ಮಲ್ಲಿ ಹೀಗೆಲ್ಲ ಆಗಲ್ಲ ಬಿಡಿ. ಒಂದರಲ್ಲಿ ಕೊಲೆ ಮಾಡಿದ್ದಾರೆ, ಇನ್ನೊಂದರಲ್ಲಿ ಮಾಡಿಲ್ಲ. ನನಗೆ ಎರಡನೆಯವರ ಮೇಲೆಯೇ ಕೋಪ ಜಾಸ್ತಿ.

ಆಫೀಸಿನ ಸೆಟ್ ಬಗ್ಗೆ ಹೇಳದಿದ್ದರೆ ಪಾಪ. ಕಣ್ಣು ಹೋಗುವಷ್ಟು ದೂರ ಮೇಜುಗಳ ಸಾಲು. ನಿಜಕ್ಕೂ ಸ್ಟುಡಿಯೋದಲ್ಲಿ ಅಷ್ಟು ಜಾಗ ಇರಲಿಲ್ಲ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದೆ ಹೋದ ಹಾಗೆ ಮೇಜುಗಳನ್ನು ಚಿಕ್ಕದು ಮಾಡುತ್ತಾ ಹೋದರು, ಹಿಂದಿನ ಸಾಲಿನಲ್ಲಿ ಕುಳ್ಳರನ್ನೂ ಮಕ್ಕಳನ್ನೂ ಕೂರಿಸಿದರು, ತೀರಾ ಕೊನೆಗೆ ರಟ್ಟಿನ ಗೊಂಬೆಗಳು. ಟೀವಿಯಲ್ಲಿ ನೋಡುವವರಿಗೆ ಒಂದು ವಿನಂತಿ. ಈ ಸಿನಿಮಾ ಬಹಳ ಅಗಲ, ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಮನೆಯಲ್ಲಿ ಯಾರಾದರೂ “ಪರದೆ ತುಂಬ್ತಿಲ್ಲ” ಅಂತ ರಿಮೋಟ್‌ನಲ್ಲಿ ಜೂಮ್ ಒತ್ತಿದರೆ ಒಪ್ಪಬೇಡಿ, ಎರಡೂ ಕಡೆಯ ಮೇಜುಗಳು ಕತ್ತರಿಸಿ ಹೋಗುತ್ತವೆ. ‘ಡಬಲ್ ಇಂಡೆಮ್ನಿಟಿ’ಯಲ್ಲಿ ಉಲ್ಟಾ, ಪಟ್ಟಿ ಎಡಬಲಕ್ಕೆ ಇರುತ್ತದೆ. ಅದೂ ಹಾಗೇ ಇರಲಿ.

ಮೂರನೇ ವಿಮೆ ಸಿನಿಮಾ ‘ದಿ ಫಾರ್ಚೂನ್ ಕುಕಿ’, 1966. ಫುಟ್‌ಬಾಲ್ ಆಟಗಾರ ಓಡಿಬಂದು ಟೀವಿ ಕ್ಯಾಮೆರಾಮನ್‌ಗೆ ಡಿಕ್ಕಿ ಹೊಡೆಯುತ್ತಾನೆ. ಸಣ್ಣ ಪೆಟ್ಟು. ವಕೀಲ ಭಾವ ಬಂದು ಲಕ್ವ ಹೊಡೆದ ಹಾಗೆ ನಾಟಕ ಆಡು, ಪರಿಹಾರ ಹೊಡೆಯೋಣ ಅನ್ನುತ್ತಾನೆ. ಭಾವನಾಗಿ ವಾಲ್ಟರ್ ಮಥಾವ್. ಇಂಥ ವಕೀಲರನ್ನು ಕೋರ್ಟ್ ಕಟ್ಟೆಯಲ್ಲಿ ಯಾರು ನೋಡಿಲ್ಲ? ಮಥಾವ್‌ಗೆ ಶೂಟಿಂಗ್ ಮಧ್ಯೆ ಹೃದಯಾಘಾತವಾಗಿ ಕೆಲಸ ವಾರಗಟ್ಟಲೆ ನಿಂತಿತ್ತು, ಆದರೂ ಆಸ್ಕರ್ ಹೊಡೆದರು. ಎದುರು ಮನೆಯಿಂದ ಕ್ಯಾಮೆರಾ ಹಿಡಿದು ಕಾಯುವ ವಿಮೆ ಪತ್ತೇದಾರನೂ ಪೊಗದಸ್ತಾಗಿದ್ದಾನೆ. ಆದರೆ ಅರ್ಧ ಆದ ಮೇಲೆ ಎಳೆದಾಟ. ಕೊನೆಗೆ ಬುದ್ಧಿ ಹೇಳುವ ಆಸೆ ವೈಲ್ಡರ್‌ಗೆ ಬಂದುಬಿಟ್ಟಿದೆ, ಅದು ಅವರ ಕೈಗೆ ಹೊಂದುವುದಿಲ್ಲ. ಮಥಾವ್‌ಗಾಗಿ ಒಂದು ಸಲ ನೋಡಬಹುದು.

‘ಸನ್‌ಸೆಟ್ ಬುಲೆವಾರ್ಡ್’ (1950) ಎಲ್ಲರೂ ಹೊಗಳುವ ಸಿನಿಮಾ. ಈಜುಕೊಳದಲ್ಲಿ ತೇಲುವ ಹೆಣವೇ ಕಥೆ ಹೇಳುತ್ತದೆ. ನನಗೆ ಇಷ್ಟವಾದದ್ದು ಅದಲ್ಲ. ಕಥೆಗಾರನ ಕಾರಿನ ಕಂತು ಬಾಕಿ, ಫೈನಾನ್ಸಿನವರು ಹಿಡಿಯಲು ಬರುತ್ತಾರೆ, ತಪ್ಪಿಸಿಕೊಳ್ಳಲು ಅವನು ಒಂದು ಪಾಳು ಬಂಗಲೆಯ ಗೇಟಿನೊಳಗೆ ತಿರುಗುತ್ತಾನೆ. ಟ್ರ್ಯಾಕ್ಟರ್ ಕಂತಿಗೆ ಹೆದರಿ ಸಂಬಂಧಿಕರ ಊರಲ್ಲಿ ಗಾಡಿ ಬಚ್ಚಿಡುವವರನ್ನು ನೋಡಿರುವ ನನಗೆ ಆ ಹತ್ತು ನಿಮಿಷ ಸಾಕು. ಒಳಗೆ ಮೂಕಿ ಚಿತ್ರಗಳ ಮಾಜಿ ತಾರೆ ನಾರ್ಮಾ ಡೆಸ್ಮಂಡ್. ಆ ಪಾತ್ರದಲ್ಲಿ ನಿಜವಾಗಲೂ ಮೂಕಿ ಚಿತ್ರದ ತಾರೆಯಾಗಿದ್ದ ಗ್ಲೋರಿಯಾ ಸ್ವಾನ್‌ಸನ್. ಆಕೆಯ ಮನೆಯಾಳಾಗಿ ಎರಿಕ್ ವಾನ್ ಸ್ಟ್ರೋಹೈಮ್. ಅವರು ಹಿಂದೆ ಸ್ವಾನ್‌ಸನ್ ಅವರ ಚಿತ್ರ ನಿರ್ದೇಶಿಸಿದವರೇ, ಅದೇ ಹಳೆಯ ಚಿತ್ರದ ತುಣುಕನ್ನು ಇಲ್ಲಿ ಮನೆಯ ಪರದೆ ಮೇಲೆ ತೋರಿಸುತ್ತಾರೆ. ಎಷ್ಟು ಕ್ರೂರ ಅಲ್ವಾ? ದೊಡ್ಡ ಸಿನಿಮಾ, ಒಪ್ಪುತ್ತೇನೆ. ಮತ್ತೆ ಮತ್ತೆ ನೋಡುವ ಮನಸ್ಸು ಮಾತ್ರ ಬರಲಿಲ್ಲ.

‘ದಿ ಲಾಸ್ಟ್ ವೀಕೆಂಡ್’ (1945) ಕುಡಿತದ ಕಥೆ. ಪ್ರಪೋಸಲ್ ಫಾರ್ಮಿನಲ್ಲಿ ಮದ್ಯಪಾನದ ಅಭ್ಯಾಸ ಇದೆಯೇ ಅಂತ ಒಂದು ಪ್ರಶ್ನೆ ಇರುತ್ತದೆ. ಇಡೀ ತಾಲೂಕಿನಲ್ಲಿ ‘ಇಲ್ಲ’ ಬಿಟ್ಟು ಬೇರೆ ಉತ್ತರ ನಾನು ಕಂಡಿಲ್ಲ. ಹೆಂಡತಿ ಬಾಗಿಲ ಹಿಂದೆ ನಿಂತು ಕೈಸನ್ನೆ ಮಾಡುತ್ತಿರುತ್ತಾಳೆ. ರೇ ಮಿಲ್ಯಾಂಡ್ ಬಾಟಲಿಯನ್ನು ಕಿಟಕಿಯಾಚೆ ದಾರದಲ್ಲಿ ನೇತುಹಾಕುವುದು, ಚಾವಣಿ ದೀಪದ ಬಟ್ಟಲಿನೊಳಗೆ ಬಚ್ಚಿಡುವುದು, ಟೈಪ್‌ರೈಟರ್ ಅಡ ಇಡಲು ಹೋದರೆ ಯೆಹೂದಿಗಳ ಹಬ್ಬಕ್ಕೆ ಗಿರವಿ ಅಂಗಡಿಗಳೆಲ್ಲ ಮುಚ್ಚಿರುವುದು, ಇವೆಲ್ಲ ಎದೆ ಹಿಂಡುತ್ತವೆ. ಕೊನೆಯಲ್ಲಿ ಮಾತ್ರ ಹತ್ತು ನಿಮಿಷದಲ್ಲಿ ಸರಿಹೋದ ಹಾಗೆ ತೋರಿಸುತ್ತಾರೆ. ಹಾಗೆ ಬಿಟ್ಟವರನ್ನು ನಾನು ಕಂಡಿಲ್ಲ.

‘ಏಸ್ ಇನ್ ದಿ ಹೋಲ್’ (1951) ಆಗ ಓಡಲಿಲ್ಲ, ಸ್ಟುಡಿಯೋದವರು ಹೆಸರನ್ನೇ ಬದಲಿಸಿ ನೋಡಿದರು. ಗುಹೆಯಲ್ಲಿ ಸಿಕ್ಕಿಕೊಂಡವನನ್ನು ಬೇಗ ಹೊರತೆಗೆಯುವ ದಾರಿ ಇದ್ದರೂ ವರದಿಗಾರನೊಬ್ಬ ಸುದ್ದಿ ಎಳೆಯಲು ಬೆಟ್ಟದ ಮೇಲಿನಿಂದ ಕೊರೆಸುತ್ತಾನೆ. ಕೆಳಗೆ ಜಾತ್ರೆ ನೆರೆಯುತ್ತದೆ, ಪುಕ್ಕಟೆ ಇದ್ದ ಪ್ರವೇಶಕ್ಕೆ ರೇಟು ಬರುತ್ತದೆ, ರೇಟು ಏರುತ್ತದೆ. ಕೊಳವೆ ಬಾವಿಗೆ ಮಗು ಬಿದ್ದಾಗಲೆಲ್ಲ ಟೀವಿ ಮುಂದೆ ಕೂತವರು ನಾವು. 2024ರಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಮಗು ಬದುಕಿ ಬಂತು, ಪುಣ್ಯ. ಈ ಸಿನಿಮಾ ನೋಡಿದ ಮೇಲೆ ಆ ನೇರಪ್ರಸಾರಗಳನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ. ಕರ್ಕ್ ಡಗ್ಲಸ್ ಸ್ವಲ್ಪ ಅಬ್ಬರ ಜಾಸ್ತಿ, ಅಷ್ಟೇ ದೂರು.

‘ಸಮ್ ಲೈಕ್ ಇಟ್ ಹಾಟ್’ (1959) ಅನ್ನು ಅತ್ತೆ ಜೊತೆ ನೋಡಿದೆ. ಅವರಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ, ಬೇಕಾಗಲೂ ಇಲ್ಲ. ಕೆಲಸವಿಲ್ಲದ ಇಬ್ಬರು ವಾದ್ಯದವರು ಗೂಂಡಾಗಳ ಕೊಲೆ ಕಣ್ಣಾರೆ ಕಂಡು, ಹೆಣ್ಣುವೇಷ ಹಾಕಿ ಹೆಂಗಸರ ಬ್ಯಾಂಡಿನಲ್ಲಿ ಸೇರಿಕೊಳ್ಳುತ್ತಾರೆ. ಎತ್ತರದ ಚಪ್ಪಲಿಯಲ್ಲಿ ಲೆಮನ್ ತೂರಾಡಿದ ಕೂಡಲೇ ಅತ್ತೆ ಶುರು ಮಾಡಿದರು. “ನಮ್ಮೂರ ಕುರುಕ್ಷೇತ್ರದಾಗೆ ದ್ರೌಪದಿ ಮಾಡ್ತಿದ್ದೋನು ಇವ್ನಿಗಿಂತ ವಾಸಿ ಕಣವ್ವ, ನಡ್ಗೆನಾದ್ರೂ ಸರ್ಯಾಗಿತ್ತು.” ಆಮೇಲೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಬಣ್ಣದ ಕಾಲದಲ್ಲೂ ಇದು ಕಪ್ಪುಬಿಳುಪು ಯಾಕೆ ಅಂದರೆ, ಪರೀಕ್ಷೆಗೆ ತೆಗೆದ ಬಣ್ಣದ ಚಿತ್ರದಲ್ಲಿ ಗಂಡಸರ ಮೇಕಪ್ ಹಸಿರು ಹಸಿರಾಗಿ ಕಂಡಿತಂತೆ. ಕೊನೆಯ ಡೈಲಾಗ್ ನಾನು ಹೇಳುವುದಿಲ್ಲ.

‘ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ (1957) ಕೋರ್ಟ್ ಕಥೆ, ಚಾರ್ಲ್ಸ್ ಲಾಟನ್‌ಗಾಗಿ ಕಣ್ಣುಮುಚ್ಚಿ ನೋಡಿ. ‘ಸಬ್ರಿನಾ’, ‘ದಿ ಸೆವೆನ್ ಇಯರ್ ಇಚ್’ ನನಗೆ ಹಿಡಿಸಲಿಲ್ಲ. ಎರಡರಲ್ಲೂ ಯಾರಿಗೂ ಬಾಡಿಗೆಯ ಚಿಂತೆ ಇಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ಅಮೆರಿಕದ ಬ್ಲೂ-ರೇಗೆ ಎ ವಲಯ, ನಮ್ಮದು ಸಿ ವಲಯ. ಇಲ್ಲಿನ ಮಾಮೂಲಿ ಪ್ಲೇಯರಿಗೆ ಹಾಕಿದರೆ ಎಷ್ಟೋ ಡಿಸ್ಕ್ ಓಡುವುದಿಲ್ಲ, ಎಲ್ಲ ವಲಯಕ್ಕೂ ಆಗುವ ಪ್ಲೇಯರನ್ನೇ ಕೇಳಿ ತರಿಸಿ. ಆನ್‌ಲೈನ್ ಬಾಡಿಗೆಗೂ ಕೆಲವು ಸಿಗುತ್ತವೆ, ಆದರೆ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಡೈಲಾಗ್ ಹೋಗುವ ಸ್ಪೀಡ್ ಹಾಗಿದೆ. ಬರ್ಲಿನ್‌ನಲ್ಲಿ ಕೋಕಾ-ಕೋಲಾ ಮಾರುವವನ ಕಥೆ ‘ಒನ್, ಟೂ, ಥ್ರೀ’ (1961) ಅಂತೂ ಜೇಮ್ಸ್ ಕ್ಯಾಗ್ನಿ ಬಾಯಲ್ಲಿ ಗುಂಡು ಹಾರಿಸಿದ ಹಾಗೆ ಓಡುತ್ತದೆ. ಅದಕ್ಕೆ ರಿಮೋಟ್ ಕೈಯಲ್ಲೇ ಇರಲಿ, ಪ್ರತಿ ಎರಡು ನಿಮಿಷಕ್ಕೆ ನಿಲ್ಲಿಸಿ ಹಿಂದೆ ಹೋಗಬೇಕಾಗುತ್ತದೆ.